ಒಳಗ ಎಷ್ಟ ಮಂದಿ ಅದಾರ?

2025ರ ಮೇ 18, ರವಿವಾರ ನಸುಕಿನಲ್ಲಿ ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯ ಟಾವೆಲ್ ಕಾರಖಾನೆಯೊಂದಕ್ಕೆ ಬೆಂಕಿ ಬಿದ್ದದ್ದನ್ನು ಈ ಭಾಗದ ಜನ ಮರೆತಿಲ್ಲ. ಮೊದಲು ಬಂದ ಸುದ್ದಿಯಲ್ಲಿ ಸತ್ತವರು ಮೂವರು. ಹೊತ್ತು ಏರಿದಂತೆ ಸಂಖ್ಯೆಯೂ ಏರಿತು. ಕೊನೆಗೆ ನಿಂತದ್ದು ಎಂಟಕ್ಕೆ. ಮಾಲಕರು, ಅವರ ಮನೆಯವರು, ಕಾರ್ಮಿಕರು, ಜೊತೆಗೆ ಒಂದು ಸಣ್ಣ ಕೂಸು. ಎಲ್ಲರೂ ಆ ಹೊತ್ತಿನಲ್ಲಿ ಕಟ್ಟಡದ ಒಳಗೇ ಇದ್ದವರು.

ಆ ಬೆಂಕಿ ಹೇಗೆ ಹತ್ತಿತು, ತಪ್ಪು ಯಾರದು ಎಂಬ ವಿಚಾರಕ್ಕೆ ಈ ಲೇಖನ ಹೋಗುವುದಿಲ್ಲ. ಅದು ತನಿಖೆಗೆ ಬಿಟ್ಟ ಮಾತು. ನಮ್ಮ ಕಾಳಜಿ ಬೇರೆ. ಎಲ್ಲೇ ಬೆಂಕಿ ಬೀಳಲಿ, ಬಂಬ್ ಗಾಡಿಯಿಂದ ಇಳಿದ ಅಗ್ನಿಶಾಮಕ ಸಿಬ್ಬಂದಿ ಮೊದಲು ಕೇಳುವ ಪ್ರಶ್ನೆ ಒಂದೇ: ಒಳಗೆ ಎಷ್ಟು ಜನ ಇದ್ದಾರೆ, ಯಾವ ಕಡೆ ಇದ್ದಾರೆ? ನಮ್ಮ ಎಂಐಡಿಸಿಯಲ್ಲಿ, ಅಷ್ಟೇಕೆ, ಊರೊಳಗಿನ ಪವರ್‌ಲೂಮ್ ಗಲ್ಲಿಗಳಲ್ಲಿ, ಇದಕ್ಕೆ ಸರಿಯಾದ ಉತ್ತರ ಕೊಡಬಲ್ಲ ಕಾರಖಾನೆಗಳು ಎಷ್ಟಿವೆ? ಈ ಪ್ರಶ್ನೆಯನ್ನು ಬೆಂಕಿ ಬೀಳುವ ಮೊದಲೇ ಕೇಳಬೇಕು ಎಂಬುದಕ್ಕಾಗಿಯೇ ಇವತ್ತಿನ ಬರಹ.

ಈಗ ಬಾಗಿಲಿಗೆ ಮಷೀನು ಕೂಡಿಸುವ ಹುರುಪು ಎಲ್ಲ ಕಡೆ ಕಾಣುತ್ತಿದೆ. ಕಾರ್ಡು ತೋರಿಸಿದರೆ, ಹೆಬ್ಬೆರಳು ಒತ್ತಿದರೆ, ಮುಖ ತೋರಿಸಿದರೆ ಬಾಗಿಲು ತೆರೆಯುವ ಮಷೀನು. ಇಂಗ್ಲಿಷಿನಲ್ಲಿ ಆ್ಯಕ್ಸೆಸ್ ಕಂಟ್ರೋಲ್ ಅನ್ನುತ್ತಾರೆ, ನಮ್ಮ ಮಂದಿ ಸೀದಾ ‘ಥಂಬ್ ಕೊಡೋದು’ ಅನ್ನುತ್ತಾರೆ. ಪುಣೆಯ ಐಟಿ ಕಂಪನಿಯಲ್ಲಿರುವ ನಮ್ಮ ಹುಡುಗರ ಕೊರಳಲ್ಲಿ ಈ ಕಾರ್ಡು ಎಂದೋ ಬಂದಿತ್ತು. ಈಗ ಅದು ನೂಲಿನ ಗೋದಾಮಿನ ಬಾಗಿಲಿಗೂ ಬಂದಿದೆ. ಬರಲಿ, ಒಳ್ಳೆಯದೇ. ಆದರೆ ಮಾಲಕರು ಅದನ್ನು ಕೂಡಿಸುವುದು ಎರಡೇ ಕಾರಣಕ್ಕೆ: ಹಾಜರಿ ಹಿಡಿಯಲು, ಕಳ್ಳತನ ತಡೆಯಲು. ಮೂರನೆಯ ಕಾರಣವೊಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಬೇರೊಂದು ಸುದ್ದಿಯ ಸಲುವಾಗಿ ಒಂದು ಕಾರಖಾನೆಗೆ ಹೋಗಿದ್ದೆ. ಹೆಸರು ಬೇಡ. ಗೇಟಿನಲ್ಲಿ ಹೊಸ ಮಷೀನು ಹೊಳೆಯುತ್ತಿತ್ತು. ವಾಚಮನ್ ಇಂಡಿ ಕಡೆಯ ವಯಸ್ಸಾದ ಮನುಷ್ಯ, ಮಾತು ಕನ್ನಡದಲ್ಲೇ ನಡೆಯಿತು. “ಕಾಕಾ, ಈಗ ಒಳಗ ಎಷ್ಟ ಮಂದಿ ಅದಾರ?” ಎಂದು ಸುಮ್ಮನೆ ಕೇಳಿದೆ. ಅವರು ಮಷೀನಿನ ಕಡೆ ನೋಡಿದರು. ಅದರಲ್ಲಿ ಗಂಟೆ, ತಾರೀಖು ಬಿಟ್ಟರೆ ಬೇರೇನೂ ಇರಲಿಲ್ಲ. “ಬಂದಾವರ ಲೆಕ್ಕ ಐತಿ ತಮ್ಮಾ. ಹೋದಾವರದು ಇಲ್ಲ. ಹೋಗೂ ಮುಂದ ಯಾರೂ ಒತ್ತಂಗಿಲ್ಲ, ಬಾಗಿಲಾ ತೆರದ ಇರ್ತೈತಿ” ಅಂದರು. ಸ್ವಲ್ಪ ತಡೆದು, “ಮ್ಯಾಲ ಮನ್ಯಾಗಿನವರದಂತೂ ಲೆಕ್ಕನ ಇಲ್ಲ” ಎಂದೂ ಸೇರಿಸಿದರು.

ಬಿಕಾಂ ಓದಿದವನಿಗೆ ಈ ಮಾತು ಕೇಳಿದಾಗ ನೆನಪಾಗುವುದು ರೋಜಕೀರ್ದಿ. ಎಡಗಡೆ ಜಮಾ, ಬಲಗಡೆ ಖರ್ಚು. ಮುಂಜಾನೆಯ ಶಿಲ್ಕಿಗೆ ಜಮಾ ಕೂಡಿಸಿ, ಖರ್ಚು ಕಳೆದರೆ ಕೈಯಲ್ಲಿರುವ ಶಿಲ್ಕು. ಬರೀ ಜಮಾ ಬರೆದು ಖರ್ಚಿನ ಬದಿ ಖಾಲಿ ಬಿಟ್ಟ ಕೀರ್ದಿಯನ್ನು ಯಾವ ಸಾಹುಕಾರನೂ ಒಪ್ಪುವುದಿಲ್ಲ, ಗುಮಾಸ್ತನನ್ನು ಮನೆಗೆ ಕಳಿಸುತ್ತಾನೆ. ಆದರೆ ಅದೇ ಸಾಹುಕಾರ ತನ್ನ ಕಾರಖಾನೆಯ ಬಾಗಿಲಿಗೆ ಕೂಡಿಸಿರುವುದು ಅಂಥದೇ ಅರ್ಧ ಕೀರ್ದಿ! ರೊಕ್ಕದ ಶಿಲ್ಕು ಪೈಸೆಗೆ ಪೈಸೆ ತಾಳೆಯಾಗಬೇಕು, ಮನುಷ್ಯರ ಶಿಲ್ಕು ಮಾತ್ರ ಅಂದಾಜಿನ ಮೇಲೆ.

ಇಡೀ ಕೀರ್ದಿ ಬೇಕೆಂದರೆ ಏನು ಮಾಡಬೇಕು? ಮಷೀನು ಕೊಳ್ಳುವ ಮೊದಲು ಒಂದು ಕಾಗದ ತೆಗೆದುಕೊಂಡು ಕಟ್ಟಡದ ನಕ್ಷೆ ಬರೆಯಬೇಕು. ನಮ್ಮ ಟಾವೆಲ್ ಕಾರಖಾನೆಗಳ ನಕ್ಷೆ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವಂಥದೇ. ಮುಂದೆ ಆಫೀಸು, ನಡುವೆ ಮಗ್ಗದ ಶೆಡ್ಡು, ಒಂದು ಬದಿ ಬಣ್ಣ ಹಾಕುವ ಜಾಗ ಮತ್ತು ಬಾಯ್ಲರು, ಇನ್ನೊಂದು ಬದಿ ಹೊಲಿಗೆ ಮತ್ತು ಪ್ಯಾಕಿಂಗು, ಹಿಂದೆ ನೂಲಿನ ಗೋದಾಮು. ಕೆಲವು ಕಡೆ ಮೇಲಿನ ಮಜಲೆಯಲ್ಲಿ ಮಾಲಕರ ಮನೆ, ಮೂಲೆಯಲ್ಲಿ ಕಾರ್ಮಿಕರ ಕೋಣೆಗಳು. ಇವುಗಳಲ್ಲಿ ಒಂದೊಂದನ್ನೂ ಒಂದೊಂದು ವಿಭಾಗವೆಂದು ಗುರುತಿಸಬೇಕು. ಕಾಂಪೌಂಡಿನ ಹೊರಗಿನ ಬಯಲು ಕೂಡ ಒಂದು ವಿಭಾಗವೇ. ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟುವ ಬಾಗಿಲು ಎಷ್ಟಿವೆಯೋ ಅಷ್ಟಕ್ಕೂ ಎರಡೂ ಬದಿ ಕಾರ್ಡು ಓದುವ ಪೆಟ್ಟಿಗೆ ಬೇಕು, ಒಳಬದಿ ಒಂದು, ಹೊರಬದಿ ಒಂದು. ಮಗ್ಗದ ಶೆಡ್ಡಿನಿಂದ ಬಣ್ಣದ ವಿಭಾಗಕ್ಕೆ ಒಬ್ಬ ಹೋದರೆ ಶೆಡ್ಡಿನ ಕೀರ್ದಿಯಲ್ಲಿ ಒಂದು ಖರ್ಚು, ಬಣ್ಣದ ಕೀರ್ದಿಯಲ್ಲಿ ಒಂದು ಜಮಾ. ಇಡೀ ಕಾರಖಾನೆಯ ಶಿಲ್ಕು ಬದಲಾಗಲಿಲ್ಲ, ಆದರೆ ಆ ಮನುಷ್ಯ ಎಲ್ಲಿದ್ದಾನೆ ಎಂಬುದು ತಿಳಿಯಿತು. ಹೊಗೆ ತುಂಬಿದಾಗ ಬೇಕಾಗುವ ಮಾಹಿತಿ ಇದೇ.

ಎಲ್ಲ ಬಾಗಿಲಿಗೂ ಬೀಗ ಬೇಕು ಎಂದು ಇದರ ಅರ್ಥವಲ್ಲ. ಮಗ್ಗದ ಶೆಡ್ಡಿಗೆ ಬೀಗವೇಕೆ? ಅಲ್ಲಿ ಎಣಿಕೆ ಸಾಕು. ಬೀಗ ನಿಜವಾಗಿ ಬೇಕಾದದ್ದು ಬಾಯ್ಲರಿಗೆ, ಕರೆಂಟಿನ ಪ್ಯಾನೆಲ್ಲಿಗೆ ಮತ್ತು ಕೆಮಿಕಲ್ ಇಡುವ ಕೋಣೆಗೆ. ಬಣ್ಣದ ಕೆಲಸಕ್ಕೆ ಬಳಸುವ ಹೈಡ್ರೋಸ್ ಎಂಬ ಪುಡಿಗೆ ತೇವ ತಾಗಿದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಅಂಥ ಕೋಣೆಗೆ ಕಾರ್ಡು ಇರಬೇಕಾದದ್ದು ಕೆಲಸ ಬಲ್ಲ ಕೆಲವರಿಗೆ ಮಾತ್ರ. ಆ ಕೋಣೆ ಎಲ್ಲಿದೆ, ಒಳಗೇನಿದೆ ಎಂಬುದು ಅಗ್ನಿಶಾಮಕ ದಳಕ್ಕೆ ಕೊಡುವ ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಇರಬೇಕು. ಈಗ ಪರಿಸ್ಥಿತಿ ಉಲ್ಟಾ ಇದೆ. ಟಾವೆಲ್ ಗಂಟುಗಳಿಗೆ ಮೂರು ಬೀಗ, ಹೈಡ್ರೋಸ್ ಡಬ್ಬಿ ಜಿನೆಯ ಕೆಳಗೆ.

ಇನ್ನು ಎಣಿಕೆ ತಪ್ಪುವ ದಾರಿಗಳು. ಇವು ಮಾರಾಟಕ್ಕೆ ಬಂದ ಏಜೆಂಟು ಹೇಳದ ಮಾತುಗಳು, ಆದ್ದರಿಂದ ತುಸು ವಿಸ್ತಾರವಾಗಿಯೇ ಹೇಳಬೇಕು.

ಮೊದಲನೆಯದು ಬೆನ್ನಿಗೆ ಬಿದ್ದು ಹೋಗುವುದು. ಒಬ್ಬ ಕಾರ್ಡು ತೋರಿಸುತ್ತಾನೆ, ಬಾಗಿಲು ತೆರೆಯುತ್ತದೆ, ಅವನ ಹಿಂದೆ ನಾಲ್ವರು ನುಗ್ಗುತ್ತಾರೆ. ಮಷೀನಿನ ಲೆಕ್ಕಕ್ಕೆ ಒಬ್ಬ, ಒಳಗೆ ಐವರು. ಪಾಳಿ ಬದಲಾಗುವಾಗಿನ ನೂಕುನುಗ್ಗಲಿನಲ್ಲಿ ಇದು ಮಾಮೂಲಿ. ಇದಕ್ಕೆ ಮಷೀನಿನಲ್ಲೇ ಒಂದು ನಿಯಮ ಹಾಕಲು ಬರುತ್ತದೆ: ಒಳಗೆ ಬಂದದ್ದು ದಾಖಲಾಗದ ಕಾರ್ಡು ಹೊರಗೆ ಹೋಗಲು ಬಂದರೆ ತಕರಾರು ಮಾಡುವುದು, ಒಳಗಿದೆ ಎಂದು ದಾಖಲಾದ ಕಾರ್ಡನ್ನು ಮತ್ತೆ ಒಳಗೆ ಬಿಡದಿರುವುದು. ಇದರಲ್ಲಿ ಎರಡು ಬಗೆ. ಒಂದು, ಬಾಗಿಲನ್ನೇ ತೆರೆಯದ ಕಟ್ಟುನಿಟ್ಟು. ಇನ್ನೊಂದು, ಬಾಗಿಲು ತೆರೆದು ತಪ್ಪನ್ನು ಮಾತ್ರ ಬರೆದಿಡುವ ಸಡಿಲು. ಹೊರಗೆ ಹೋಗುವ ಬದಿಗೆ ಸಡಿಲೇ ಇರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಲೆಕ್ಕ ತಪ್ಪಿತೆಂದು ಮನುಷ್ಯನನ್ನು ಒಳಗೆ ಕೂಡಿಹಾಕುವ ಮಷೀನು ನಮಗೆ ಬೇಡ.

ಎರಡನೆಯದು ಲಾರಿ ಬರುವ ಹಿಂದಿನ ಶಟರು. ಮುಂದಿನ ಗೇಟಿಗೆ ಸಾವಿರಾರು ರೂಪಾಯಿ ಸುರಿದು ಹಿಂದಿನ ಶಟರನ್ನು ದಿನವಿಡೀ ತೆರೆದಿಟ್ಟರೆ ಮುಂದಿನ ಲೆಕ್ಕಕ್ಕೆ ಬೆಲೆ ಎಲ್ಲಿಯದು? ಹಮಾಲರು, ಡ್ರೈವರು, ಕ್ಲೀನರು ಎಲ್ಲರೂ ಆ ದಾರಿಯಲ್ಲೇ ಓಡಾಡುತ್ತಾರೆ.

ಮೂರನೆಯದು ಮಧ್ಯರಾತ್ರಿ. ದಿನಾ ಲೆಕ್ಕ ಹೊಸದಾಗಿ ಶುರುವಾಗಲೆಂದು ರಾತ್ರಿ 12ಕ್ಕೆ ಎಣಿಕೆ ಸೊನ್ನೆಗೆ ಇಳಿಯುವಂತೆ ಕೆಲವು ಕಡೆ ಇಟ್ಟಿರುತ್ತಾರೆ. ಆಫೀಸಿಗೆ ಇದು ಸರಿ. ರಾತ್ರಿಪಾಳಿ ನಡೆಯುವ ಕಾರಖಾನೆಗೆ ಇದು ಘಾತಕ. ಎಂಟು ಗಂಟೆಗೆ ಒಳಗೆ ಹೋದ ನಲವತ್ತು ಮಂದಿ 12 ಹೊಡೆಯುತ್ತಲೇ ಲೆಕ್ಕದಿಂದ ಮಾಯ! ನಸುಕಿನಲ್ಲಿ ಏನಾದರೂ ಆದರೆ ಮಷೀನು ‘ಒಳಗೆ ಯಾರೂ ಇಲ್ಲ’ ಎಂದು ತೋರಿಸುತ್ತದೆ. ಜನ ಗಾಢ ನಿದ್ದೆಯಲ್ಲಿರುವ ಹೊತ್ತಿಗೇ ಲೆಕ್ಕ ಸುಳ್ಳಾಗಿರುತ್ತದೆ. ಹಿಂದಿನ ದಿನದ ಅಖೇರಿ ಶಿಲ್ಕನ್ನು ಮರುದಿನಕ್ಕೆ ಎಳೆದುಕೊಂಡು ಬರಬೇಕು ಎಂಬುದು ಹತ್ತನೇ ಇಯತ್ತೆ ಮುಗಿಸಿ ಕಾಮರ್ಸ್‌ಗೆ ಸೇರಿದ ಹುಡುಗನಿಗೂ ಗೊತ್ತಿರುವ ವಿಷಯ.

ಇವೆಲ್ಲವನ್ನೂ ಸರಿಪಡಿಸಬಹುದು. ಸರಿಪಡಿಸಲು ಕಷ್ಟವಾದದ್ದು, ಕಾರ್ಡೇ ಇಲ್ಲದ ಮನುಷ್ಯ. ಮಧ್ಯಾಹ್ನ ಗಂಡನಿಗೆ ಬುತ್ತಿ ತಂದ ಹೆಂಡತಿ, ಅವಳ ಸೆರಗು ಹಿಡಿದ ಮಗು. ಗುತ್ತಿಗೆದಾರ ಇವತ್ತಿನ ದಿನಕ್ಕೆಂದು ಕರೆತಂದ ಇಬ್ಬರು ಹುಡುಗರು. ಮಗ್ಗ ದುರಸ್ತಿಗೆ ಬಂದ ಮಿಸ್ತ್ರಿ. ಊರಿಗೆ ಹೋಗುವ ಬಸ್ಸು ತಪ್ಪಿ ಅಲ್ಲೇ ಮೂಲೆಯಲ್ಲಿ ಮಲಗಿದ ಸಂಬಂಧಿಕ. ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಕಾರಖಾನೆಯ ಮೇಲೆ ಅಥವಾ ಪಕ್ಕದಲ್ಲಿ ಸಂಸಾರ ಮಾಡಿಕೊಂಡಿರುವವರು. ಸೊಲ್ಲಾಪುರದ ನೇಕಾರಿಕೆ ಬೆಳೆದದ್ದೇ ಮನೆ ಮತ್ತು ಮಗ್ಗ ಒಂದೇ ಸೂರಿನಡಿ ಇದ್ದು. ಸೊಲ್ಲಾಪುರಿ ಚಾದರ, ಟಾವೆಲ್ಲಿನ ಹಿಂದೆ ಈ ಕಥೆ ಇದೆ. ಕೈಮಗ್ಗದ ಕಾಲಕ್ಕೆ ಅದು ನಡೆಯಿತು. ಈಗ ಕೆಳಗೆ ಟನ್ನುಗಟ್ಟಲೆ ಹತ್ತಿ ನೂಲು, ಮೇಲೆ ಮಲಗುವ ಕೋಣೆ. ಮನೆಯವರು ಮನೆಗೆ ಹೋಗಲು ಥಂಬ್ ಕೊಡುತ್ತಾರೆಯೇ? ಕೊಡುವುದಿಲ್ಲ, ಕೊಡಬೇಕೆಂದು ಹೇಳುವುದೂ ಸರಿಯಲ್ಲ. ಹಾಗಾಗಿ ಮನೆ ಇರುವ ಜಾಗವನ್ನು ನಕ್ಷೆಯಲ್ಲಿ ಪ್ರತ್ಯೇಕ ವಿಭಾಗ ಮಾಡಿ, ಅಲ್ಲಿ ಮಲಗುವವರ ಹೆಸರುಗಳನ್ನು, ಕೂಸಿನಿಂದ ಹಿಡಿದು ಅಜ್ಜಿಯವರೆಗೆ, ಕಾಯಂ ಶಿಲ್ಕು ಎಂದು ಬರೆದಿಡಬೇಕು. ಊರಿಗೆ ಹೋದಾಗ ಅಳಿಸಬೇಕು, ಬಂದಾಗ ಬರೆಯಬೇಕು. ಆ ಮನೆಗೆ ಕಾರಖಾನೆಯ ಒಳಗಿನಿಂದಲ್ಲದೆ ಹೊರಗಿನಿಂದ ಇಳಿಯುವ ಬೇರೆ ಜಿನೆ ಇರಲೇಬೇಕು. ಜಿನೆ ಇಲ್ಲದಿದ್ದರೆ ಮಷೀನಿನ ರೊಕ್ಕ ಮೊದಲು ಜಿನೆಗೆ ಹಾಕಿ ಎಂಬುದೇ ನಮ್ಮ ಸಲಹೆ.

ಉಳಿದವರಿಗೆ ಗೇಟಿನಲ್ಲಿ ಪಾಹುಣೆ ಕಾರ್ಡು ಇಡುವುದು ಸುಲಭದ ದಾರಿ. ಇಪ್ಪತ್ತೈದು ಕಾರ್ಡು, ನಂಬರು ಹಾಕಿದ್ದು. ಬಂದವರಿಗೆ ಒಂದು ಕೊಡುವುದು, ಹೋಗುವಾಗ ಇಸಿದುಕೊಳ್ಳುವುದು. ಪೆಟ್ಟಿಗೆಯಲ್ಲಿ ಎಷ್ಟು ಕಡಿಮೆ ಇವೆಯೋ ಅಷ್ಟು ಹೊರಗಿನವರು ಒಳಗಿದ್ದಾರೆ.

ಇದೇನು ಹೊಸ ವಿಚಾರವಲ್ಲ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಕಂಪ್ಯೂಟರಿನ ಹೆಸರೂ ಇಲ್ಲದ ಕಾಲಕ್ಕೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಗಣಿಗೆ ಇಳಿಯುವವನು ಬಿಲ್ಲೆ ಕೊಟ್ಟು ದೀಪ ತೆಗೆದುಕೊಳ್ಳಬೇಕು, ಮೇಲೆ ಬಂದಾಗ ದೀಪ ಕೊಟ್ಟು ಬಿಲ್ಲೆ ಪಡೆಯಬೇಕು. ಗಣಿ ಕುಸಿದರೆ ದೀಪದ ಕೋಣೆಯ ಹಲಗೆಯ ಮೇಲೆ ಉಳಿದ ಬಿಲ್ಲೆಗಳನ್ನು ನೋಡಿದರೆ ಸಾಕು, ಯಾರು ಯಾರು ಕೆಳಗಿದ್ದಾರೆಂದು ತಿಳಿಯುತ್ತಿತ್ತು. ಹತ್ತು ಮಗ್ಗ ಇಟ್ಟುಕೊಂಡ ಸಣ್ಣ ಮಾಲಕನಿಗೆ ಮಷೀನು ಕೊಳ್ಳುವ ತಾಕತ್ತಿಲ್ಲದಿದ್ದರೆ ಚಿಂತೆಯಿಲ್ಲ. ಗೇಟಿನ ಹೊರಗೋಡೆಗೆ ಒಂದು ಹಲಗೆ, ಮೊಳೆ, ಬಿಲ್ಲೆ ಸಾಕು. ಒಳಗೋಡೆಗಲ್ಲ, ಹೊರಗೋಡೆಗೆ.

ಆ ಮಾತು ಮಷೀನಿಗೂ ಅನ್ವಯ. ಎಣಿಕೆಯ ಕಂಪ್ಯೂಟರು ಆಫೀಸಿನ ಮೇಜಿನ ಕೆಳಗಿದ್ದು, ಆಫೀಸಿಗೇ ಬೆಂಕಿ ಹತ್ತಿದರೆ ಪಟ್ಟಿ ಯಾರಿಗೆ ಸಿಗುತ್ತದೆ? ಪಟ್ಟಿ ಕಟ್ಟಡದ ಹೊರಗೆ ತೆರೆಯಲು ಬರಬೇಕು. ಮ್ಯಾನೇಜರನ ಫೋನಿನಲ್ಲಿ, ಮುಕಾದಮನ ಫೋನಿನಲ್ಲಿ, ಗೇಟಿನ ಚೌಕಿಯಲ್ಲಿ. ದೊಡ್ಡ ಕಂಪನಿಗಳಲ್ಲಿ ಕಾಂಪೌಂಡಿನ ದೂರದ ಮೂಲೆಯಲ್ಲಿ ಎಲ್ಲರೂ ಸೇರುವ ಜಾಗ ಗುರುತಿಸಿ, ಅಲ್ಲೂ ಒಂದು ಕಾರ್ಡಿನ ಪೆಟ್ಟಿಗೆ ಇಡುತ್ತಾರೆ. ಓಡಿ ಬಂದವರು ಅಲ್ಲಿ ಕಾರ್ಡು ತೋರಿಸಿದಂತೆ ಪಟ್ಟಿಯಿಂದ ಹೆಸರು ಕಡಿಮೆಯಾಗುತ್ತದೆ. ಉಳಿದ ಹೆಸರೇ ಹುಡುಕಬೇಕಾದವರು. ನಮ್ಮಲ್ಲಿ ಆ ಪೆಟ್ಟಿಗೆ ಇಲ್ಲದಿದ್ದರೂ ಬೇವಿನ ಗಿಡದ ಕೆಳಗೆ ನಿಂತು ಮುಕಾದಮ ಹೆಸರು ಕೂಗಬಹುದು, ಅವನ ಕೈಯಲ್ಲಿ ಸರಿಯಾದ ಪಟ್ಟಿ ಇದ್ದರೆ.

ಈಗ ಬೀಗದ ಮಾತು. ಇಲ್ಲಿ ಎಚ್ಚರ ತಪ್ಪಿದರೆ ಕಾಯಲೆಂದು ಕೂಡಿಸಿದ ಬಾಗಿಲೇ ಕೊಲ್ಲುತ್ತದೆ. ಇದನ್ನು ಊಹೆಯಿಂದ ಹೇಳುತ್ತಿಲ್ಲ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರಖಾನೆಯಲ್ಲಿ 146 ಮಂದಿ ಸತ್ತರು, ಹೆಚ್ಚಿನವರು ವಯಸ್ಸಿನ ಹುಡುಗಿಯರು. ಮನೆಗೆ ಹೋಗುವಾಗ ಅವರ ಚೀಲ ತಪಾಸಣೆ ಮಾಡಬೇಕೆಂದು ಒಂದು ಬಾಗಿಲಿಗೆ ಕೀಲಿ ಹಾಕಿದ್ದರು. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಬಟ್ಟೆ ಕಾರಖಾನೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಬೇಕೆಂದೇ ಹಚ್ಚಿದ್ದು ಎಂದು 2020ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಹಚ್ಚಿದವರು ಯಾರೇ ಇರಲಿ, ಮುಚ್ಚಿದ ಬಾಗಿಲು ಮತ್ತು ಸರಳು ಹಾಕಿದ ಕಿಟಕಿಗಳ ಕಾರಣ ಒಳಗಿದ್ದವರು ಹೊರಗೆ ಬರಲಾಗಲಿಲ್ಲ. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರುವರಿ 23ರಂದು ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಪ್ರಾಣ ಕಳೆದುಕೊಂಡಾಗ ತುರ್ತು ದಾರಿಗಳಿಗೆ ಬೀಗವಿತ್ತೆಂಬುದೇ ದೊಡ್ಡ ಸುದ್ದಿಯಾಗಿತ್ತು. ನೂರು ವರ್ಷದ ಅಂತರದಲ್ಲಿ ಕೀಲಿಯ ಬಗೆ ಬದಲಾಯಿತು, ಕಾರಣ ಬದಲಾಗಲಿಲ್ಲ.

ಬಾಗಿಲಿಗೆ ಈಗ ಹೆಚ್ಚಾಗಿ ಹಾಕುವುದು ಲೋಹಚುಂಬಕದ ಬೀಗ. ಕರೆಂಟು ಹರಿಯುತ್ತಿರುವಾಗ ಚುಂಬಕ ಹಿಡಿದಿರುತ್ತದೆ. ಸಾಮಾನ್ಯ ಬೀಗದ ಹಿಡಿತವೇ ಸುಮಾರು 270 ಕಿಲೊದಷ್ಟು, ಒಬ್ಬ ಮನುಷ್ಯ ದೂಡಿ ತೆಗೆಯುವ ಮಾತಲ್ಲ. ಕರೆಂಟು ಹೋದರೆ ಬಿಟ್ಟುಕೊಡುತ್ತದೆ. ಜನ ಓಡಾಡುವ ಬಾಗಿಲಿಗೆ ಈ ಗುಣವೇ ಬೇಕು. ಇನ್ನೊಂದು ಜಾತಿಯ ಬೀಗ ಕರೆಂಟು ಹೋದಾಗ ಮುಚ್ಚಿಯೇ ಇರುತ್ತದೆ. ಅದು ತಿಜೋರಿ ಕೋಣೆಗೆ ಇರಲಿ, ಆದರೆ ಅಲ್ಲೂ ಒಳಗಿನಿಂದ ಹಿಡಿಕೆ ತಿರುವಿದರೆ ತೆರೆಯುವಂತಿರಬೇಕು.

‘ಬೆಂಕಿ ಬಿದ್ದರೆ ಮೇನ್ ಸ್ವಿಚ್ ಬಂದ್ ಮಾಡ್ತೀವಿ, ಬೀಗ ತಾನೇ ಬಿಡ್ತದ’ ಎನ್ನುವವರಿಗೆ ಒಂದು ಮಾತು. ನಮ್ಮ ಕಡೆಯ ಲೋಡ್‌ಶೆಡ್ಡಿಂಗಿನ ಅನುಭವದಿಂದ ಪ್ರತಿ ಬೀಗಕ್ಕೂ ಬ್ಯಾಟರಿ ಕೂಡಿಸಿರುತ್ತಾರೆ. ಮೇನ್ ಹೋದರೂ ಬ್ಯಾಟರಿ ಬೀಗವನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ! ಆದ್ದರಿಂದ ಬೆಂಕಿಯ ಗಂಟೆ ಹೊಡೆದ ಕ್ಷಣ ಬೀಗಕ್ಕೆ ಹೋಗುವ ತಂತಿಯೇ, ಬ್ಯಾಟರಿಯ ಆಚೆಗೆ, ಕಡಿದುಹೋಗುವಂತೆ ಜೋಡಣೆ ಇರಬೇಕು. ಕಂಪ್ಯೂಟರು ಯೋಚಿಸಿ ಆಜ್ಞೆ ಕೊಡಲಿ ಎಂದು ಕಾಯುವಂತಿರಬಾರದು. ಜೊತೆಗೆ ಪ್ರತಿ ಬಾಗಿಲಿನ ಒಳಬದಿ, ಒಡೆದರೆ ಬೀಗ ಬಿಡುವ ಹಸಿರು ಪೆಟ್ಟಿಗೆ. ಅದರ ಮೇಲೆ ಏನು ಬರೆದಿರಬೇಕು? ಈಗ ಇಂಗ್ಲಿಷಿನಲ್ಲಿ ಬರೆದದ್ದೇ ಇರುತ್ತದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬರುವ ನಮ್ಮ ಅಕ್ಕತಂಗಿಯರು, ತೆಲುಗು ಪದ್ಮಶಾಲಿ ಕುಟುಂಬದವರು, ಉರ್ದು ಮಾತಿನವರು ಒಂದೇ ಶೆಡ್ಡಿನಲ್ಲಿ ದುಡಿಯುವ ಊರು ಇದು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕರಲ್ಲೂ ಎರಡು ಶಬ್ದ ಬರೆಸಲು ಪೇಂಟರಿಗೆ ಅರ್ಧ ದಿನದ ಕೆಲಸ. ಭಾಷೆಯ ಅಭಿಮಾನದಿಂದ ಹೇಳುವ ಮಾತಲ್ಲ ಇದು, ಹೊಗೆಯಲ್ಲಿ ಓದುವವರ ಕಣ್ಣಿನ ಮಾತು.

ಹೊರಗೆ ಹೋಗಲು ಕಾರ್ಡೂ ಬೇಕು, ತಡೆಯೂ ಇರಬಾರದು ಅಂದರೆ ಹೇಗೆ ಎಂದು ಕೇಳಬಹುದು. ದಿನನಿತ್ಯ ಹೊರಗೆ ಹೋಗುವಾಗ ಕಾರ್ಡು ತೋರಿಸುವ ರೂಢಿ ಇರಲಿ, ಅದರಿಂದ ಖರ್ಚಿನ ಬದಿ ತುಂಬುತ್ತದೆ. ಆಪತ್ತಿನಲ್ಲಿ ಕಾರ್ಡಿಲ್ಲದೆಯೂ ಬಾಗಿಲು ತೆರೆಯಲಿ. ಆಗ ಮಷೀನಿನ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ, ಅಲ್ಲಿಂದ ಮುಂದೆ ಬೇವಿನ ಗಿಡದ ಕೆಳಗಿನ ಲೆಕ್ಕ.

ಇದೆಲ್ಲ ನಿಲ್ಲುವುದು ಕಾರ್ಮಿಕರು ಮಷೀನನ್ನು ನಂಬಿದರೆ ಮಾತ್ರ. ಬೀಡಿ ಕಟ್ಟುವ ಹೆಣ್ಣುಮಕ್ಕಳ, ವರ್ಷಗಟ್ಟಲೆ ನೂಲು ಹಿಡಿದವರ ಬೆರಳಿನ ಗೆರೆ ಸವೆದಿರುತ್ತವೆ. ಥಂಬ್ ಬರುವುದಿಲ್ಲ. ರೇಶನ್ ಅಂಗಡಿಯಲ್ಲಿ ಪಡುವ ಪಾಡನ್ನೇ ಅವರು ಕಾರಖಾನೆಯ ಬಾಗಿಲಲ್ಲೂ ಪಡಬೇಕೇ? ಅವರಿಗೆ ಕಾರ್ಡೇ ಸರಿ. ಇನ್ನು ಪಾಯಖಾನೆಗೆ ಎಷ್ಟು ಸಲ ಹೋದರು, ಚಹಾಕ್ಕೆ ಎಷ್ಟು ನಿಮಿಷ ಕಳೆದರು ಎಂದು ಇದೇ ಬಾಗಿಲಿನ ಲೆಕ್ಕ ಹಿಡಿದು ಪಗಾರ ಕಡಿಯಲು ಶುರು ಮಾಡಿದರೆ ಏನಾಗುತ್ತದೆ? ಒಬ್ಬನ ಕಾರ್ಡು ಇನ್ನೊಬ್ಬ ತೋರಿಸುತ್ತಾನೆ, ಬಾಗಿಲಿಗೆ ಇಟ್ಟಂಗಿ ಇಟ್ಟು ತೆರೆದಿಡುತ್ತಾರೆ. ಕಾರ್ಮಿಕರನ್ನು ಬೈದು ಉಪಯೋಗವಿಲ್ಲ. ಪಗಾರಕ್ಕಾಗಿ ಸುಳ್ಳಾದ ಲೆಕ್ಕ ಪ್ರಾಣದ ಹೊತ್ತಿಗೂ ಸುಳ್ಳೇ ಆಗಿರುತ್ತದೆ. ಹಾಜರಿಯ ಮಷೀನು ಬೇರೆ, ಒಳಗಿರುವವರ ಎಣಿಕೆ ಬೇರೆ ಎಂದು ಮಾಲಕರು ಕಾರ್ಮಿಕರ ಎದುರು ಹೇಳಬೇಕು, ಹೇಳಿದಂತೆ ನಡೆಯಬೇಕು. ಬೆರಳಚ್ಚು, ಮುಖದ ಚಿತ್ರ ತೆಗೆದುಕೊಂಡರೆ ಅವನ್ನು ಜೋಪಾನ ಮಾಡುವ ಹೊಣೆಯೂ ಅವರದೇ. 2023ರಲ್ಲಿ ಸಂಸತ್ತು ಒಪ್ಪಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ದೊಡ್ಡ ಕಂಪನಿಗಳಿಗಷ್ಟೇ ಮಾಡಿದ್ದಲ್ಲ.

ಕಾಯ್ದೆಗೆ ನಮ್ಮಲ್ಲಿ ಬರವಿಲ್ಲ. ಒಳಗೆ ಮನುಷ್ಯರಿರುವಾಗ, ಒಳಗಿನಿಂದ ಕೂಡಲೇ ತೆಗೆಯಲು ಬಾರದಂತೆ ಬಾಗಿಲಿಗೆ ಕೀಲಿ ಹಾಕಬಾರದು ಎಂಬುದನ್ನು 1948ರ ಕಾರಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಮಹಾರಾಷ್ಟ್ರದ 2006ರ ಅಗ್ನಿ ಪ್ರತಿಬಂಧಕ ಕಾಯ್ದೆಯ ಪ್ರಕಾರ ಕಟ್ಟಡದ ಮಾಲಕ ಅಥವಾ ಅದರಲ್ಲಿರುವವನು ಬೆಂಕಿ ತಡೆಯುವ ಸಲಕರಣೆ ಸುಸ್ಥಿತಿಯಲ್ಲಿದೆ ಎಂದು ಲೈಸನ್ಸ್ ಇರುವ ಏಜೆನ್ಸಿಯ ದಾಖಲೆಯನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಕೊಡಬೇಕು. ಈ ದಾಖಲೆಯ ಜೊತೆಗೆ ಇನ್ನೆರಡು ಕಾಗದ ಕೇಳಲು ಎಂಐಡಿಸಿ ಮತ್ತು ಮಹಾನಗರಪಾಲಿಕೆಗೆ ಏನು ಅಡ್ಡಿ? ಒಂದು, ವಿಭಾಗಗಳನ್ನೂ ಬಾಗಿಲುಗಳನ್ನೂ ಕೆಮಿಕಲ್ ಕೋಣೆಯನ್ನೂ ತೋರಿಸುವ ನಕ್ಷೆ. ಎರಡು, ಆ ಆವರಣದಲ್ಲಿ ರಾತ್ರಿ ಮಲಗುವವರ ಸಂಖ್ಯೆ. ತಪಾಸಣೆಗೆ ಬಂದ ಅಧಿಕಾರಿ ಬಾಟಲಿಯ ತಾರೀಖು ನೋಡಿ ಸಹಿ ಹಾಕಿ ಹೋಗುವ ಬದಲು ಗೇಟಿನಲ್ಲಿ ನಿಂತು ಒಂದು ಪ್ರಶ್ನೆ ಕೇಳಲಿ, ಬಂದ ಉತ್ತರವನ್ನು ಒಳಗೆ ಹೋಗಿ ತಲೆ ಎಣಿಸಿ ತಾಳೆ ನೋಡಲಿ. ಬ್ಯಾಂಕಿನಲ್ಲಿ ಆಡಿಟರು ರೊಕ್ಕ ಎಣಿಸುವುದು ಹಾಗೆಯೇ.

ಮಾಲಕರ ಸಂಘಟನೆಗಳು ಸರಕಾರಕ್ಕಾಗಿ ಕಾಯಬೇಕಿಲ್ಲ. ಮುಂದಿನ ಪಗಾರದ ದಿನ, ಎಲ್ಲರೂ ಹಾಜರಿರುವ ಹೊತ್ತು ನೋಡಿ, ಹೇಳದೆ ಕೇಳದೆ ಗಂಟೆ ಹೊಡೆಯಿರಿ. ಮಷೀನಿನ ಶಿಲ್ಕು ಎಷ್ಟು, ಗಿಡದ ಕೆಳಗೆ ಬಂದು ನಿಂತವರು ಎಷ್ಟು, ಎರಡನ್ನೂ ಬರೆಯಿರಿ. ಮೇಲಿನ ಮನೆಯವರನ್ನೂ ಇಳಿಸಿ, ಅಜ್ಜಿಗೆ ಜಿನೆ ಇಳಿಯಲು ಎಷ್ಟು ನಿಮಿಷ ಹಿಡಿಯಿತು ನೋಡಿ. ಮೊದಲ ಸಲ ಎರಡು ಸಂಖ್ಯೆ ಕೂಡುವುದಿಲ್ಲ. ಯಾವ ಬಾಗಿಲಲ್ಲಿ ಲೆಕ್ಕ ತಪ್ಪಿತು ಎಂದು ಹುಡುಕಿದರೆ ಹಿಂದಿನ ಶಟರೋ, ಬುತ್ತಿ ತಂದವರೋ, ರಾತ್ರಿ 12ರ ಸೊನ್ನೆಯೋ ಸಿಕ್ಕೇ ಸಿಗುತ್ತದೆ. ಅದನ್ನು ಸರಿಪಡಿಸಿ ಮರುತಿಂಗಳು ಮತ್ತೆ ಗಂಟೆ ಹೊಡೆಯಿರಿ. ಹೀಗೆ ಮಾಡಿದ ಕಾರಖಾನೆಯವರು ತಮ್ಮ ಎರಡೂ ಸಂಖ್ಯೆಗಳನ್ನು ನಮಗೆ ತಿಳಿಸಿದರೆ ಈ ಪುಟದಲ್ಲಿ ಜಾಗ ಕೊಡುತ್ತೇವೆ, ಅವು ಕೂಡಿರಲಿ, ಕೂಡದೇ ಇರಲಿ.